ಸಮುದ್ರಕ್ಕೆ ಬೆನ್ನು ಹಾಕಿ ಕುಂತ ನಮ್ಮತ್ತಿ

ನಮ್ಮತ್ತಿ ಹುಕ್ಕೇರಿ ಸಂತಿಯೊಳಗೆ ಒಣಮೀನ ಮಾರುತ್ತಿದ್ದಳು. ಸಂತಿಯ ತುದಿಗೆ, ಬೇವಿನ ಗಿಡದ ಬುಡಕ್ಕೆ, ಒಂದು ಗೋಣಿ ತಟ್ಟು ಹಾಸುವಷ್ಟು ಜಾಗ. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಆದರೂ ಆಕಿ ಬರದ ವಾರ ಆ ಜಾಗ ಖಾಲಿ ಇರುತ್ತಿತ್ತು, ಬೇರೆ ಯಾರೂ ಕೂಡುತ್ತಿರಲಿಲ್ಲ. ಆಕಿಗಿಂತ ಮೊದಲು ಆಕಿಯ ಅತ್ತಿ ಕೂಡುತ್ತಿದ್ದಳಂತೆ. ಮನಿಯ ಒಬ್ಬ ಸೊಸಿಗೆ ಮಾತ್ರ ಅದು ಹೋಗುವುದು. ನಯಾಪೈಸಾ ಬಂದು ಎರಡೋ ಮೂರೋ ವರ್ಷ ಆಗಿರಬೇಕು, ನಮ್ಮತ್ತಿಯ ಮೊಣಕಾಲು ಹಿಡಿದುಕೊಂಡವು. ಇನ್ನು ಆ ತಟ್ಟಿನ ಮ್ಯಾಲೆ ಕೂಡುವವಳು ನಾನೋ, ನನ್ನ ನೆಗೆಣ್ಣಿಯೋ ಅಂತ ಮನಿಯಾಗ ಮಾತು ಹುಟ್ಟಿತು.

ನನಗೆ ಆ ತಟ್ಟು ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ. ಕಂಡವರ ಹೊಲದಾಗ ದಿನಾ ಬಗ್ಗಿ ಕಸ ತೆಗೆಯುವುದಕ್ಕಿಂತ ವಾರಕ್ಕೊಮ್ಮೆ ಕುಂತು ಮೀನ ಮಾರುವುದು ಮೇಲು. ನೆಗೆಣ್ಣಿಗೂ ಬೇಕಾಗಿತ್ತು. ಆಕಿ ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಹಿರಿಯಳು, ಅಕ್ಕಾ ಅಂತ ಕರೆಯುತ್ತಿದ್ದೆ. ಬೆಣ್ಣಿಯಂಥ ಮಾತು. ನಾನು ಇದ್ದದ್ದು ಇದ್ದಂಗ ಅಂದುಬಿಡುವವಳು. ಹಿಂಗಾಗಿ ಊರಾಗ ಎಲ್ಲರೂ ಆಕಿಗೇ ಸಿಗುತ್ತದೆ ಅಂತಿದ್ದರು.

ಬೇರೆ ಮೀನ ಮಾರುವವರು ಸಂಕೇಶ್ವರದಾಗ ದಲಾಲರ ಕಡೆಯಿಂದ ಮೂಟಿ ತರುತ್ತಿದ್ದರು. ನಮ್ಮತ್ತಿ ಹಂಗಲ್ಲ. ವರ್ಷಕ್ಕೊಮ್ಮೆ, ದಸರಾ ಮುಗಿದ ಮ್ಯಾಲೆ, ತಾನೇ ಘಟ್ಟ ಇಳಿದು ವೆಂಗುರ್ಲಾದ ಕಡೆ ಹೋಗಿ, ತನ್ನ ಕಣ್ಣ ಮುಂದೆ ಮೀನ ಒಣಗಿಸಿಕೊಂಡು ಬರುತ್ತಿದ್ದಳು. "ಮಂದಿ ಒಣಗಿಸಿದ ಮೀನದಾಗ ಅರ್ಧಾ ಉಸುಕ, ಅರ್ಧಾ ಸುಳ್ಳ" ಅನ್ನುತ್ತಿದ್ದಳು.

ಆ ವರ್ಷ ನನಗಂದಳು, "ಈ ಸಲ ನೀ ಬಾ. ಬರೂ ವರ್ಷ ನಿಮ್ಮಕ್ಕನ್ನ ಕರಕೊಂಡ ಹೊಕ್ಕೇನಿ. ಯಾರ ಕೈಯಾಗ ಮೀನ ಕೆಡೂದಿಲ್ಲ, ಅವರು ತಟ್ಟಿನ ಮ್ಯಾಲೆ ಕೂಡ್ರಿ."

ಸಂಕೇಶ್ವರದಿಂದ ಬೆಲ್ಲ, ಮೆಣಸಿನಕಾಯಿ ಹೇರಿಕೊಂಡು ಲಾರಿ ಕೊಂಕಣಕ್ಕೆ ಇಳಿಯುತ್ತಿದ್ದವು. ಅಂಥದ್ದೊಂದರ ಹಿಂದೆ ಹತ್ತಿ ಕುಂತೆವು. ನಮ್ಮದೂ ಎರಡು ಚೀಲ ಮೆಣಸಿನಕಾಯಿ ಇತ್ತು, ಅಲ್ಲಿ ಮೀನಕ್ಕೆ ಬದಲಿ ಕೊಡಲಿಕ್ಕೆ.

ಡ್ರೈವರ ಇಣುಕಿ ನೋಡಿ ಅಂದ, "ಏ ಅವ್ವಾ, ಮೆಣಸಿನಕಾಯಿ ಚೀಲದ ಮ್ಯಾಲೆ ಕೂಡಬ್ಯಾಡ್ರಿ. ಸೀನಿ ಸೀನಿ ಘಟ್ಟದಾಗ ಕೆಳಗ ಬಿದ್ದೀರಿ."

"ನಾ ಬಿದ್ರ ನಿನ್ನ ಬೆಲ್ಲದ ಪೆಂಟಿ ಅಪ್ಪಿಕೊಂಡ ಬೀಳತೇನಿ ತಮ್ಮಾ. ನೀ ಸಾವಕಾಶ ಹೊಡಿ" ಅಂದಳು ಅತ್ತಿ.

ಆಜರಾ ದಾಟಿತು, ಅಂಬೋಲಿ ಘಟ್ಟ ಇಳಿಯಿತು, ಗಾಳಿ ಬದಲಾಯಿತು. ಮೈಗೆ ಅಂಟುವ ಗಾಳಿ. ನಾನು ಮರುದಿನ ಮುಂಜಾನೆ ಸಮುದ್ರ ನೋಡಿದೆ. ನನ್ನ ತವರುಮನಿ ಧುಪದಾಳ, ಘಟಪ್ರಭಾ ದಂಡಿ. ನೀರು ಅಂದರೆ ನನಗೆ ಹೊಸದಲ್ಲ. ಆದರೆ ನಾನು ಕಂಡ ನೀರು ಒಂದೇ ಕಡೆ ಹೋಗುವ ನೀರು. ಹೋಗಿ ಮತ್ತೆ ತಿರುಗಿ ಬರುವ ನೀರು ಕಂಡಿರಲಿಲ್ಲ.

"ಅತ್ಯಾ, ಅದನ್ನ ಯಾರ ದಬ್ಬತಾರ್ರಿ?"

"ನಿಮ್ಮಪ್ಪ. ಬುಟ್ಟಿ ಇಳಸು."

ನಾನು ಬುಟ್ಟಿ ಇಳಿಸಿ, ನೀರಿಗೆ ಬೆರಳು ಅದ್ದಿ ನೆಕ್ಕಿ ನೋಡಿದೆ. ಉಪ್ಪು ಅಂತ ಕೇಳಿದ್ದೆ, ಇಷ್ಟು ಉಪ್ಪು ಅಂತ ಗೊತ್ತಿರಲಿಲ್ಲ. ಸ್ವಲ್ಪ ಮುಂದೆ ಹೋಗಿ ಅಲ್ಲಿಯೂ ನೆಕ್ಕಿದೆ. ಅಲ್ಲಿಯೂ ಅಷ್ಟೇ. ಅತ್ತಿ ಹಣಿ ಹಣಿ ಬಡಿದುಕೊಂಡಳು.

ನಾವು ಇಳಿದದ್ದು ಒಬ್ಬ ಮೀನಗಾರ ಬಾಯಿಯ ಮನಿಯಾಗ, ಹೆಂಗಸರಿಗೆ ಅಲ್ಲಿ ಬಾಯಿ ಅನ್ನುತ್ತಾರೆ. ಅತ್ತಿಯ ವಯಸ್ಸಿನವಳು, ತೆಂಗಿನ ಗರಿ ಹೊದಿಸಿದ ಮನಿ, ಹೊಸ್ತಿಲ ದಾಟಿದರೆ ಉಸುಕು. ಆಕಿಗೂ ನಮ್ಮತ್ತಿಗೂ ಇಪ್ಪತ್ತು ವರ್ಷದ ಬಳಕಿ. ಆಕಿ ಆಡುವುದು ಕಡಲ ಕಡೆಯ ಮರಾಠಿ, ಅರ್ಧ ಮೂಗಿನಾಗ. ನಮ್ಮ ಕಡೆ ಮರಾಠಿ ಎಲ್ಲರಿಗೂ ಬರುತ್ತದೆ, ಎರಡು ದಿನದಾಗ ಆಕಿಯದೂ ತಿಳಿಯತೊಡಗಿತು. ಆಕಿ ನನ್ನ ಪ್ರಶ್ನೆಗಳಿಗೆ ಬೇಜಾರಾಗುತ್ತಿರಲಿಲ್ಲ. ನಮ್ಮ ಘಟಪ್ರಭಾ ನೀರು ಇಲ್ಲಿಗೆ ಬಂದು ಸೇರುತ್ತದೇನು ಅಂತ ಕೇಳಿದೆ.

"ಇಲ್ಲ ಪೋರಿ. ಘಟ್ಟದ ಆ ಕಡೆ ಬಿದ್ದ ನೀರ ಆ ಕಡೆನ ಹೋಗತೈತಿ. ನಿಮ್ಮ ನೀರ ನಮಗ ಬ್ಯಾಡ, ನಿಮ್ಮ ಮೆಣಸಿನಕಾಯಿ ಸಾಕು."

ಅಲ್ಲಿ ಮೀನ ಹಿಡಿಯುವ ಕ್ರಮ ನಾನು ಎಂದೂ ಕಂಡಿರಲಿಲ್ಲ. ನಮ್ಮ ಹೊಳಿಯಾಗ ಒಬ್ಬ ಮನುಷ್ಯ, ಒಂದು ಬಲಿ. ಇಲ್ಲಿ ಬಲಿ ಒಂದು ಊರಿನಷ್ಟು ಉದ್ದ. ಅದಕ್ಕೆ ರಾಂಪಣ ಅಂತಿದ್ದರು. ದೋಣಿಯವರು ಅದನ್ನು ಸಮುದ್ರದಾಗ ಅರ್ಧ ಚಂದ್ರನಂಗೆ ಬಿಟ್ಟು, ಎರಡೂ ತುದಿಯ ಹಗ್ಗ ದಂಡಿಗೆ ತರುವರು. ಆಮ್ಯಾಲೆ ಗಂಡಸರು ಹೆಂಗಸರು ಅನ್ನದೆ ಐವತ್ತು ಮಂದಿ ಈ ಹಗ್ಗಕ್ಕೆ, ಐವತ್ತು ಮಂದಿ ಆ ಹಗ್ಗಕ್ಕೆ. ಮುಖ ನೀರಿನ ಕಡೆ, ನಡಿಗಿ ಹಿಂದಕ್ಕೆ. ಹಿಂದಿನವನು ತೆಂಗಿನ ಗಿಡದ ತನಕ ಬಂದ ಕೂಡಲೇ ಹಗ್ಗ ಬಿಟ್ಟು, ನಡೆದು ಬಂದು ಮತ್ತೆ ನೀರಿನ ಬಾಜೂಕೆ ಹಿಡಿಯುವನು. ಹಿಂಗೆ ಅರ್ಧ ದಿನ. ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಪರ ಊರಿನವರಾದರೂ ಪಾಲು. ಅದು ಅಲ್ಲಿಯ ಪದ್ಧತಿ.

ಅತ್ತಿಯ ಮೊಣಕಾಲು ಉಸುಕಿನಾಗ ನಡೆಯುವಂತಿರಲಿಲ್ಲ. ನಾನು ಜಗ್ಗಿದೆ. ಮೂರು ದಿನ ಜಗ್ಗಿದೆ. ಅಂಗೈ ಸುಲಿದು ಉಪ್ಪುನೀರು ತಾಗಿ ಉರಿಯಿತು. ಆದರೆ ಬಲಿಯ ಹೊಟ್ಟಿ ದಂಡಿಗೆ ಬಂದಾಗ ಒಳಗೆ ಬಾಂಗಡಿ ಮೀನು ಕುದಿಯುವ ನೀರಿನಂಗ ಜಿಗಿದಾಡುವುದು ನೋಡಿ ಉರಿ ಮರೆತೆ. ನನ್ನ ಪಾಲು ಮತ್ತು ಮೆಣಸಿನಕಾಯಿ ಕೊಟ್ಟು ತಗೊಂಡದ್ದು ಸೇರಿ ಆರು ಬುಟ್ಟಿ ಆಯಿತು. ನಾನು ಕುಂತು ಒಂದೊಂದೇ ಬಾಂಗಡಿ ಸೀಳಿ ಕರುಳು ತೆಗೆಯುವುದು, ಅತ್ತಿ ಉಪ್ಪು ಹಚ್ಚಿ ಮಣ್ಣಿನ ಹರವಿಯಾಗ ಒತ್ತುವುದು. ಮರುದಿನ ತೊಳೆದು, ದಂಡಿಯ ಮ್ಯಾಲೆ ತೆಂಗಿನ ಗರಿಯ ಚಾಪಿ ಹಾಸಿ, ಬಿಸಿಲಿಗೆ ಹರವುವುದು. ಮೂರು ನಾಲ್ಕು ಬಿಸಿಲು ಬೀಳಬೇಕು. ನಡುವೆ ತೊಯ್ದರೆ ಹುಳಾ. ಅರ್ಧ ಒಣಗಿದ್ದನ್ನು ಎತ್ತಿ ಗುಂಪಿ ಹಾಕಿದರೂ ಬೆವತು ನಾರುತ್ತವೆ. ಅದಕ್ಕೇ ಮಳಿ ನೋಡುವುದು ಅರ್ಧ ಕೆಲಸ.

ಮಳಿ ನೋಡುವುದರಾಗ ನಮ್ಮತ್ತಿ ಹುಷಾರಿ. ನಮ್ಮ ಕಡೆ ದಸರಾ ಆದ ಮ್ಯಾಲಿನ ಹಿಂಗಾರಿ ಮಳಿ ಮೂಡಲದಿಂದ ಬರುತ್ತದೆ. ಮಧ್ಯಾಹ್ನ ಮೂಡಲಕ್ಕೆ ಕರಿ ಮುಗಿಲು ಎದ್ದಿತೋ, ಸಂಜಿಗೆ ಗುಡುಗು. ಅತ್ತಿ ಆ ಲೆಕ್ಕದಾಗ ಇಪ್ಪತ್ತು ವರ್ಷ ಮೀನ ಒಣಗಿಸಿದ್ದಳು. ದಂಡಿಯ ಮ್ಯಾಲೆ ಹೆಂಗ ಕೂಡುವಳು ಅಂದರೆ, ಸಮುದ್ರಕ್ಕೆ ಬೆನ್ನು, ಘಟ್ಟಕ್ಕೆ ಮುಖ. ನಾಲ್ಕನೇ ದಿನ ಮಧ್ಯಾಹ್ನ ಘಟ್ಟದ ಮ್ಯಾಲೆ ಒಂದು ಮುಗಿಲು ಕಂಡಿತು. ಅತ್ತಿ ಎದ್ದು, "ಎತ್ತು" ಅಂದಳು. ಎಲ್ಲಾ ಚಾಪಿ ಎತ್ತಿ ಒಳಗೆ ತಂದೆವು. ಬಾಜೂಕಿನ ಹೆಂಗಸರು ನಕ್ಕರು. ಒಂದು ತಾಸಿನಾಗ ಗುಡುಗಿ ಸುರಿಯಿತು, ನಕ್ಕವರ ಸೀಗಡಿ ತೊಯ್ದು ತೊಪ್ಪಿ ಆಯಿತು.

"ಬಾಯಿ, ನಿಮ್ಮ ಕಣ್ಣ ಒಳ್ಳೇದು" ಅಂದಳು ಮನಿಯಾಕಿ.

"ಕಣ್ಣಲ್ಲ, ಅನುಭವ" ಅಂದಳು ಅತ್ತಿ. ಆ ಸಂಜಿ ಆಕಿ ಎರಡು ರೊಟ್ಟಿ ಹೆಚ್ಚು ಉಂಡಳು.

ಐದನೇ ದಿನ, ಆರನೇ ದಿನ ಒಳ್ಳೆ ಬಿಸಿಲು. ಮೀನ ಮುಕ್ಕಾಲು ಒಣಗಿದ್ದವು. ಆರನೇ ದಿನ ಮುಂಜಾನೆ ಮೆಣಸಿನಕಾಯಿ ಕೊಟ್ಟು ತಗೊಂಡ ಕಡೀ ಬುಟ್ಟಿಯ ಒಂದಿಷ್ಟು ಬಾಂಗಡಿ ಉಳಿದಿದ್ದವು, ಸಂಜಿ ಅವನ್ನು ಸೀಳುತ್ತ ಕುಂತಿದ್ದೆ. ಬಂದ ಹೊಸದಾಗಿ ನಾನು ಒಂದು ಬಾಂಗಡಿ ಸೀಳುವುದರಾಗ ಎರಡು ತೆರಿ ಬಂದು ಹೋಗುತ್ತಿದ್ದವು. ಕೆಲಸ ಬ್ಯಾಸರಾಗಬಾರದು ಅಂತ ಹಂಗ ಎಣಿಸುವುದು ರೂಢಿ ಮಾಡಿಕೊಂಡಿದ್ದೆ. ಈಗ ನೋಡಿದರೆ ತೆರಿಗೊಂದು ಬಾಂಗಡಿ. ಕೈ ಚುರುಕಾಯಿತಲ್ಲ ಅಂತ ಹಿಗ್ಗಿದೆ. ಮನಿಯಾಕಿಗೆ ಹೇಳಿದೆ.

ಆಕಿ ನನ್ನ ಕೈ ನೋಡಲಿಲ್ಲ, ಸಮುದ್ರ ನೋಡಿದಳು. ಬಹಳ ಹೊತ್ತು ನೋಡಿದಳು.

"ನಿನ್ನ ಕೈ ಇದ್ದಂಗ ಐತಿ ಪೋರಿ. ತೆರಿ ನಿಧಾನ ಆಗ್ಯಾವ."

ನಿಧಾನ ಆದರೆ ಒಳ್ಳೇದಲ್ಲೇನು ಅಂದೆ. ಅಲ್ಲ ಅಂದಳು. ನಿಧಾನಕ್ಕೆ ಬರುವ ತೆರಿ ದೂರದಿಂದ ಬಂದ ತೆರಿ, ದೊಡ್ಡದು, ಭಾರದ್ದು. ನೋಡು, ಗಾಳಿ ಇಲ್ಲ, ತೆಂಗಿನ ಗರಿ ಅಲುಗುತ್ತಿಲ್ಲ, ಆದರೂ ದಂಡಿಯ ಬಂಡಿಗಲ್ಲಿನ ಮ್ಯಾಲೆ ನೀರು ಎಷ್ಟು ಮೇಲೆ ಹಾರಾಕತ್ತೈತಿ. ನಾನು ನೋಡಿದೆ. ಖರೆ ಇತ್ತು.

ಮರುದಿನ ಮುಂಜಾನೆ ಗಂಡಸರು ಬಲಿ ಬಿಡಲಿಲ್ಲ. ದೋಣಿಗಳ ಕೆಳಗೆ ಮರದ ತುಂಡು ಹಾಕಿ ಉರುಳಿಸುತ್ತ, ಮ್ಯಾಲೆ ತೆಂಗಿನ ಗಿಡಗಳ ತನಕ ಜಗ್ಗಿಕೊಂಡು ಹೋದರು. ಮನಿಯಾಕಿ ಬಂದು ಅತ್ತಿಗೆ ಅಂದಳು:

"ಬಾಯಿ, ಇವತ್ತ ಮೀನ ಎತ್ತರಿ. ಸಮುದ್ರ ಭಾರ ಆಗೈತಿ."

ಅತ್ತಿ ಘಟ್ಟದ ಕಡೆ ಕೈ ಮಾಡಿದಳು. "ಮೂಡಲಕ್ಕ ಒಂದ ಹತ್ತಿ ಅರಳಿನಷ್ಟ ಮುಗಿಲಿಲ್ಲ. ಇನ್ನೊಂದ ಬಿಸಲ ಬಿದ್ರ ನನ್ನ ಮೀನ ಕಟಗಿಯಂಗ ಒಣಗತಾವ. ಈಗ ಎತ್ತಿ ಗುಂಪಿ ಹಾಕಿದ್ರ ಬೆವತ ಹೊಕ್ಕಾವ."

"ಇದು ಮೂಡಲದಿಂದ ಬರೂದಲ್ಲ."

"ಮೊನ್ನೆ ಯಾವ ಕಡಿಂದ ಬಂತ?"

"ಮೊನ್ನಿನದ ಬ್ಯಾರೆ."

"ನಿಮ್ಮ ಮಂದಿ ಮೊನ್ನೆ ಹಲ್ಲ ಕಿಸದರು. ನಾ ಎತ್ತಿದೆ. ಇವತ್ತ ನಾ ಎತ್ತೂದಿಲ್ಲ" ಅಂತ ಅತ್ತಿ ಚಾಪಿಗಳ ನಡುವೆ, ಸಮುದ್ರಕ್ಕೆ ಬೆನ್ನು ಹಾಕಿ ಕುಂತಳು.

ನಾನು ನಡುವೆ ಸಿಕ್ಕೆ. ಅತ್ತಿಯ ಮಾತಿನಾಗೂ ಸುಳ್ಳಿರಲಿಲ್ಲ. ನಾನು ಎತ್ತಿ, ಏನೂ ಬರದಿದ್ದರೆ, ಮೀನ ನಾರುವುದು ನನ್ನ ಕೈಯಾಗ. ಹುಕ್ಕೇರಿಯ ತಟ್ಟು ಅಲ್ಲಿಗೆ ಮುಗಿಯಿತು. ಎತ್ತದೆ ಹಾಳಾದರೆ ಅದು ಅತ್ತಿಯ ಮಾತು, ನನ್ನ ತಪ್ಪಲ್ಲ. ಸುಮ್ಮನೆ ಇರುವುದೇ ಶ್ಯಾಣೇತನ ಅಂತ ಯಾರಾದರೂ ಹೇಳುತ್ತಿದ್ದರು. ಆದರೆ ಅವು ನಾನು ಅಂಗೈ ಸುಲಿಸಿಕೊಂಡು ಜಗ್ಗಿದ ಮೀನ. ಮತ್ತೆ ನನಗೆ ತಿಳಿಯಬೇಕಾಗಿತ್ತು, ಇಬ್ಬರಾಗ ಯಾರ ಮಾತು ಖರೆ ಅಂತ. ನೀರಿನ ತನಕ ನಡೆದು ಹೋದೆ.

ಗಾಳಿ ಇಲ್ಲ. ಮುಗಿಲಿಲ್ಲ, ಪಡುವಲಕ್ಕೆ ಎಳೆದ ನೂಲಿನಂಥ ಬಿಳಿ ಗೆರಿ ಬಿಟ್ಟರೆ. ನೀರಿನ ಮೈ ಎಣ್ಣಿ ಹಚ್ಚಿದಂಗ ನುಣ್ಣಗೆ. ಅಂಥ ನುಣುಪಿನ ನೀರು ದೂರದಾಗ ಮೆಲ್ಲಕ ಉಬ್ಬುವುದು, ಉಬ್ಬಿಕೊಂಡೇ ಬರುವುದು, ದಂಡಿಗೆ ಬಂದು ಒಮ್ಮೆಲೆ ಮಗುಚುವುದು. ಕಾಲ ಕೆಳಗಿನ ನೆಲ ಧಮ್ ಅನ್ನುವುದು. ಗಾಳಿ ಇಲ್ಲದೆ ಇದು ಹೆಂಗೆ ಅಂತ ನಿಂತೆ. ಆಗ ಧುಪದಾಳದ ಒಡ್ಡು ನೆನಪಾಯಿತು. ನಾನು ಹುಡುಗಿ ಇದ್ದಾಗ, ಆಷಾಢದಾಗ ನಮ್ಮ ಊರಾಗ ಹನಿ ಮಳಿ ಇರುತ್ತಿರಲಿಲ್ಲ, ಬಿಸಿಲು ಬಿದ್ದಿರುತ್ತಿತ್ತು, ಆದರೂ ಹೊಳಿ ಕೆಂಪಾಗಿ ಏರಿ ಒಡ್ಡಿನ ಮ್ಯಾಲೆ ಹಾದು ಹೋಗುತ್ತಿತ್ತು. ಮಳಿ ಎಲ್ಲೋ ಘಟ್ಟದಾಗ ಆಗಿರುತ್ತಿತ್ತು, ನೀರು ಮಾತ್ರ ನಮ್ಮಲ್ಲಿಗೆ ಬರುತ್ತಿತ್ತು. ಮುಗಿಲು ನೋಡಿ ಹೊಳಿ ದಾಟಲಿಕ್ಕೆ ಇಳಿದ ಪರ ಊರಿನವರು ಎತ್ತು ಕಳಕೊಂಡದ್ದು ನಾನು ಕಂಡಿದ್ದೆ. ನಮ್ಮತ್ತಿಯ ಊರಿಗೆ ಹೊಳಿ ಇಲ್ಲ, ಹಳ್ಳವೂ ಇಲ್ಲ. ಆಕಿಗೆ ಮಳಿ ಅಂದರೆ ಮ್ಯಾಲಿನಿಂದ ಬೀಳುವುದು ಅಷ್ಟೇ.

ತಿರುಗಿ ಬಂದು ನೀರಿನ ಕಡೆಯ ಚಾಪಿ ಎತ್ತತೊಡಗಿದೆ.

"ಯಾರ ಹೇಳಿದರ ನಿನಗ?" ಅಂದಳು ಅತ್ತಿ.

"ಯಾರೂ ಹೇಳಿಲ್ಲರಿ. ನೀರ ಬರತೈತಿ."

"ಬಂದ ಎಂಟ ದಿನ ಆಗಿಲ್ಲ, ಸಮುದ್ರ ತಿಳಕೊಂಡ ಬಿಟ್ಟಳ ನಮ್ಮವ್ವ."

"ಸಮುದ್ರ ತಿಳದಿಲ್ಲರಿ. ಹೊಳಿ ತಿಳದೈತಿ."

"ಕೆಟ್ಟರ ಮೀನ ನಿನ್ನ ಕೊರಳಿಗೆ ಕಟ್ಟತೇನಿ, ಹುಕ್ಕೇರಿತನಕಾ ನಡಿ."

"ಕಟ್ಟರಿ."

ಮನಿಯಾಕಿ ಬಂದು ಚಾಪಿಯ ಇನ್ನೊಂದು ತುದಿ ಹಿಡಿದಳು. ಗುಂಪಿ ಹಾಕಬ್ಯಾಡ, ಒಲಿಯ ಮ್ಯಾಲಿನ ಅಟ್ಟದಾಗ ಹರವು, ಹೊಗಿಗೆ ಕೆಡುವುದಿಲ್ಲ ಅಂದಳು. ಅಟ್ಟದ ಕೆಳಗೆ ತೆಂಗಿನ ಸಿಪ್ಪಿ ಹಾಕಿ ಹೊಗಿ ಎಬ್ಬಿಸಿದಳು. ನಾವಿಬ್ಬರೂ ಹೋಗಿ ಬಂದು, ಹೋಗಿ ಬಂದು, ಅರ್ಧ ಎತ್ತಿದೆವು. ಉಳಿದ ಅರ್ಧಕ್ಕೆ ಬಂದಾಗ ಅತ್ತಿ ಕಾಲು ಚಾಚಿ, ಎರಡು ಚಾಪಿಯ ಅಂಚಿನ ಮ್ಯಾಲೆ ಎರಡು ಕೈ ಊರಿ ಕುಂತಿದ್ದಳು.

"ಇವನ್ನ ಮುಟ್ಟಬ್ಯಾಡ. ಅರ್ಧ ನಿನ್ನ ಬುದ್ಧಿ, ಅರ್ಧ ನನ್ನ ಬುದ್ಧಿ. ಸಂಜಿಗೆ ನೋಡೂನು ಯಾವದು ಚಲೋ ಒಣಗತೈತಿ."

ಏಳಿಸಲಿಕ್ಕೆ ಹೋದರೆ ಮೊಣಕಾಲು ನೋವು ಅಂದಳು. ನಾನೂ ಬಿಟ್ಟೆ. ಮೊಂಡತನದಾಗ ನಾವಿಬ್ಬರೂ ಒಂದೇ ಮನಿಯವರು.

ಮಧ್ಯಾಹ್ನ ಉಂಡು ಹೊರಗೆ ಬಂದಿದ್ದೆ. ಬಿಸಿಲು ಇತ್ತು. ಅದನ್ನು ನಾನು ಎಂದೂ ಮರೆಯುವುದಿಲ್ಲ, ಚೊಕ್ಕ ಬಿಸಿಲು, ಘಟ್ಟ ಹಸರಗೆ ಕಾಣುತ್ತಿತ್ತು. ಅತ್ತಿ ಅದರ ಕಡೆ ಮುಖ ಮಾಡಿ ಎಲಿ ಅಡಕಿ ಹಾಕಿಕೊಳ್ಳುತ್ತಿದ್ದಳು. ಆಕಿಯ ಹಿಂದೆ ಒಂದು ತೆರಿ ಎದ್ದಿತು. ಎಲ್ಲಾ ತೆರಿಯಂಗ ಅದು ದಂಡಿಗೆ ಒಡೆಯಿತು, ಆದರೆ ಒಡೆದ ಮ್ಯಾಲೆ ನಿಲ್ಲಲಿಲ್ಲ. ಬಿಳಿ ನೊರಿ ಉಸುಕಿನ ಮ್ಯಾಲೆ ಸರಸರ ಏರಿ ಬಂತು. ನಾನು "ಅತ್ಯಾ" ಅನ್ನುವುದರಾಗ ಆಕಿಯ ನಡು ತನಕ ನೀರು. ಚಾಪಿ ತೇಲಿದವು. ನಮ್ಮ ಸೀಳಿದ ಬಾಂಗಡಿ ಬೆನ್ನ ಮ್ಯಾಲೆ ಮಾಡಿ ಸಮುದ್ರಕ್ಕೆ ತಿರುಗಿ ಹೋದವು. ಎರಡನೇದು ಬರುವುದರಾಗ ನಾನೂ ಮನಿಯಾಕಿಯೂ ಅತ್ತಿಯ ಎರಡು ರಟ್ಟಿ ಹಿಡಿದು ಎಳೆದುಕೊಂಡು ಗಿಡದ ತನಕ ಬಂದೆವು. ಆಕಿಯ ಎಲಿಯ ಚೀಲ ಹೋಯಿತು, ಒಂದು ಚಪ್ಪಲಿ ಹೋಯಿತು. ಅರ್ಧ ಮೀನ ಹೋಯಿತು.

ಉಸುಕು ಉಗುಳಿ ಅತ್ತಿ ಮೊದಲು ಆಡಿದ ಮಾತು ಇದು: "ನಾ ಅಂದದ್ದ ಖರೆ ಆತಿಲ್ಲ? ಮಳಿ ಬಂದಿಲ್ಲ. ನೀರ ಬಂದೈತಿ."

ಮನಿಯಾಕಿ ಉಸುಕಿನ ಮ್ಯಾಲೆ ಕುಂತು ನಕ್ಕಳು, ಕಣ್ಣಾಗ ನೀರು ಬರುವ ತನಕ.

ಸಂಜಿಗೆ ಗಾಳಿ ಎದ್ದಿತು. ಆಮ್ಯಾಲೆ ಎರಡು ದಿನ ಮಳಿ, ಪಡುವಲದಿಂದ, ಅಡ್ಡ ಮಳಿ. ಮನಿಯ ಮ್ಯಾಲಿನ ಗರಿ ಎರಡು ಕಡೆ ಹಾರಿ ಹೋದವು. ನಾವು ಮೂವರೂ ಒಲಿಯ ಸುತ್ತ ಕುಂತು, ಅಟ್ಟದ ಮೀನಕ್ಕೆ ಹೊಗಿ ಕೊಡುತ್ತ ಕೆಮ್ಮಿದೆವು. ನಾನು ಸುಮ್ಮನೆ ಕೂಡುವವಳಲ್ಲ. ಗಾಳಿ ಬರುವ ಮೊದಲೇ ಸಮುದ್ರಕ್ಕೆ ಹೆಂಗೆ ತಿಳಿಯುತ್ತದೆ ಅಂತ ಕೇಳಿದೆ.

"ತಿಳಿಯೂದಿಲ್ಲ" ಅಂದಳು ಮನಿಯಾಕಿ. "ಎಲ್ಲೋ ದೂರ ಗಾಳಿ ಅದನ್ನ ಹೊಡದಿರತೈತಿ. ಹೊಡತ ತಿಂದ ನೀರ ಗಾಳಿಗಿಂತ ಮೊದಲ ಇಲ್ಲಿ ಓಡಿ ಬರತೈತಿ."

ಹಂಗಾದರೆ ಹೊಡೆದ ಗಾಳಿ ಯಾವಾಗಲೂ ಹಿಂದೆ ಬರುತ್ತದೇನು ಅಂದೆ. ಒಮ್ಮೊಮ್ಮೆ ಬರುವುದಿಲ್ಲ, ಬರೀ ತೆರಿ ಬಂದು ಹೋಗುತ್ತವೆ, ಆಗ ನಾವೂ ಮಂಗ್ಯಾ ಆಗುತ್ತೇವೆ ಅಂದಳು. ಈ ಮಾತು ನನಗೆ ಹಿಡಿಸಿತು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವರು ಕಡಿಮಿ. ಆಕಿ ಧುಪದಾಳದ ಒಡ್ಡಿನ ಬಗ್ಗೆ ಕೇಳಿದಳು. ನಾನು ಹೇಳಿದೆ. ನೀರನ್ನು ಕಲ್ಲು ಕಟ್ಟಿ ನಿಲ್ಲಿಸುತ್ತಾರೆ ಅಂದಾಗ ನಂಬಲಿಲ್ಲ. ಅತ್ತಿ ಗ್ವಾಡಿಗೆ ಮುಖ ಮಾಡಿ ಮಲಗಿದ್ದಳು. ನಿದ್ದಿ ಬಂದಿರಲಿಲ್ಲ, ನನಗೆ ಗೊತ್ತು.

ಮಳಿ ಹೊಳವಾದ ಮ್ಯಾಲೆ ಎರಡು ಬಿಸಿಲು ಕೊಟ್ಟು, ಉಳಿದ ಮೀನ ಕಟ್ಟಿಕೊಂಡು ಲಾರಿ ಹತ್ತಿದೆವು. ಆಜರಾದಾಗ ಲಾರಿ ನಿಂತಾಗ ಅತ್ತಿ ನನ್ನ ಕಡೆ ನೋಡದೆ, "ಚಾ ಕುಡಿತಿಯೇನ?" ಅಂದಳು. ಆಕಿ ನನಗೆ ಚಾ ಕೇಳಿದ್ದು ಅದೇ ಮೊದಲು.

ಮನಿಗೆ ಬಂದ ದಿನ ಓಣಿಯ ಹೆಂಗಸರು ಸೇರಿದರು. ಅತ್ತಿ ಕಟ್ಟಿಯ ಮ್ಯಾಲೆ ಕುಂತು ಎಲ್ಲಾ ಹೇಳಿದಳು. ಸಮುದ್ರ ಭಾರ ಆದದ್ದು, ತೆರಿ ನಿಧಾನ ಆದದ್ದು, ತಾನು ಅದನ್ನು ನೋಡಿ ಮೀನ ಎತ್ತಿಸಿದ್ದು. ನಾನು ಬಾಗಿಲಾಗ ನಿಂತು ಕೇಳಿದೆ. ಚಂದ ಹೇಳಿದಳು, ನಾನೇ ಒಂದು ಗಳಿಗಿ ನಂಬಿದೆ.

ನೆಗೆಣ್ಣಿ ಕೇಳಿದಳು, "ಅತ್ಯಾ, ಅರ್ಧಾನ ಯಾಕ ಎತ್ತಿಸಿದ್ರಿ? ಉಳದದ್ದು?"

"ಅರ್ಧ ಸಮುದ್ರಕ್ಕ ಬಿಡಬೇಕ. ಅಲ್ಲಿ ಹಂಗ ಪದ್ಧತಿ" ಅಂದಳು ಅತ್ತಿ.

ನಾನು ಬಾಯಿ ತೆರೆದೆ. ಅತ್ತಿ ನನ್ನನ್ನು ನೋಡಿದಳು. ಮುಚ್ಚಿಕೊಂಡೆ.

ಸಂತಿಯ ದಿನ ಮುಂಜಾನೆ ಮೀನದ ಬುಟ್ಟಿ ಹೊರಗೆ ತಂದು ಇಟ್ಟಿದ್ದಳು. ಬಾಜೂಕೆ ಮಡಚಿದ ತಟ್ಟು.

"ನೀನ ಹೋಗು. ಕೆಳಗ ಕೂಡಾಕ ನನ್ನ ಕಾಲ ಬರೂದಿಲ್ಲ."

ನಾನು ಬುಟ್ಟಿ ಎತ್ತಲಿಲ್ಲ. "ಬರೂ ವರ್ಷ ಅಕ್ಕನ್ನ ಕರಕೊಂಡ ಹೊಕ್ಕೇನಿ, ಆಮ್ಯಾಲೆ ನೋಡೂನು ಅಂದಿದ್ರಿ."

ಅತ್ತಿ ಹಿಂದೆ ತಿರುಗಿ ನೋಡಿ ದನಿ ಇಳಿಸಿದಳು. "ಆಕೀನ್ನ ಕರಕೊಂಡ ಹೋದ್ರ ಆ ಬಾಯಿ ಸುಮ್ನ ಇರತಾಳೇನ? ನಾ ನೀರಾಗ ಕುಂತದ್ದು, ಚಪ್ಪಲಿ ಹೋದದ್ದು ಎಲ್ಲಾ ಹೇಳತಾಳ. ಇನ್ನ ಮ್ಯಾಲೆ ಅಲ್ಲಿಗೆ ನೀನ ಹೋಗು, ಒಬ್ಬಾಕಿನ. ತಟ್ಟ ತಗೋ."

ನೆಗೆಣ್ಣಿಗೆ ಇದು ಅನ್ಯಾಯ ಅಂತ ನನಗೆ ಆಗಲೂ ಅನಿಸಿತು. ಆಕಿಯ ಪಾಳಿ ಬರಲೇ ಇಲ್ಲ. ಆದರೂ ನಾನು ತಟ್ಟು ತಗೊಂಡೆ, ಬುಟ್ಟಿ ಹೊತ್ತೆ.

ಹುಕ್ಕೇರಿಯಾಗ ಬೇವಿನ ಗಿಡದ ಬುಡಕ್ಕೆ ಹಾಸಿ ಕುಂತೆ. ಮೊದಲು ಬಂದವಳು ನಮ್ಮತ್ತಿಯ ಹಳೆ ಗಿರಾಕಿ, ಒಬ್ಬ ಮುದುಕಿ. ಒಂದು ಬಾಂಗಡಿ ಎತ್ತಿ ಮೂಸಿದಳು, ಮತ್ತೆ ಮೂಸಿದಳು.

"ಏನವಾ, ಈ ಸಲ ಹೊಗಿ ನಾತ ಹೊಡಿಯಾಕತ್ತೈತಿ. ಸುಟ್ಟೀರೇನ?"

"ಸುಟ್ಟಿಲ್ಲರಿ. ಸಮುದ್ರದ ಮನಿ ಒಲಿ ಮ್ಯಾಲೆ ಹೊಗಿ ಕೊಟ್ಟೇವಿ. ಹುಳಾ ಬೀಳೂದಿಲ್ಲ. ಬ್ಯಾಡಂದ್ರ ಇಡ್ರಿ."

ಮುದುಕಿ ಇಡಲಿಲ್ಲ. ಬಾಂಗಡಿಯ ಬಾಲ ಮುರಿದು ಬಾಯಾಗ ಹಾಕಿಕೊಂಡು ಅಗಿಯುತ್ತ ನಿಂತಳು. ಆಕಿ ಏನನ್ನುವಳೋ ಅಂತ ನಾನು ಆಕಿಯ ಬಾಯಿ ನೋಡುತ್ತ ಕುಂತೆ.

"ನಾಕ ಹಾಕು" ಅಂದಳು.